ಬುಲ್ಚಾ ತಂದ ಹಸಿರು ಹುಲ್ಲು

ಜವುಗಿನಲ್ಲಿ ಬುಲ್ಚಾನ ಮೂರು ಹಸುಗಳನ್ನು ಕಂಡದ್ದೇ ತಡ, ಜಿಫಾರೆಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿ ಗೂಡು ಕಟ್ಟುವ ಹಕ್ಕಿಯೊಂದರ ಸಲುವಾಗಿ ಮಳೆಗಾಲ ಮುಗಿಯುವವರೆಗೆ ದನ ಬಿಡಕೂಡದು ಎಂದು ಊರೇ ಕೂತು ಒಪ್ಪಿತ್ತು, ಕಾವಲಿಗೆ ಅವಳನ್ನೇ ನೇಮಿಸಿತ್ತು. ಒಪ್ಪಿದವರಲ್ಲಿ ಬುಲ್ಚಾನೂ ಇದ್ದ. ಸಾಲದ್ದಕ್ಕೆ ಸ್ವಂತ ಮೈದುನ!

ಮುಷ್ಟಿಯಷ್ಟು ಹಕ್ಕಿ ಅದು. ಮಳೆಯ ಜೊತೆ ಎಲ್ಲಿಂದಲೋ ಬರುತ್ತದೆ, ಮಳೆ ನಿಂತರೆ ಎಲ್ಲಿಗೋ ಹೋಗುತ್ತದೆ. ಇಲಿಯ ಹಾಗೆ ಜೊಂಡಿನ ಬುಡದಲ್ಲೇ ಓಡಾಟ. ಹಾರಿದರೆ ಮಾತ್ರ ರೆಕ್ಕೆಯ ಬಿಳಿ ಕಾಣುತ್ತದೆ, ಹಾರುವುದೋ ಅಪರೂಪ. ಏಳು ಮಳೆಗಾಲ ಕಾದ ಮೇಲೆ ಈ ವರ್ಷ ಅವಳಿಗೆ ಗೂಡು ಸಿಕ್ಕಿತ್ತು. ಸುತ್ತಲಿನ ಹುಲ್ಲೆಸಳುಗಳನ್ನು ಎಳೆದು ಹೆಣೆದ ಮಾಡು, ಅದರಡಿ ನಾಲ್ಕು ಮೊಟ್ಟೆ. ಇನ್ನೊಂದು ವಾರ ಉಳಿದರೆ ಮರಿ. ಜನ ನೋಡಲು ಮುಗಿಬೀಳುತ್ತಾರೆಂದು ಜಾಗವನ್ನು ಗಂಡನಿಗೂ ಹೇಳಿರಲಿಲ್ಲ. ಹಸುಗಳು ಅಲ್ಲಿಂದ ಹತ್ತೇ ಹೆಜ್ಜೆ ಆಚೆ ಮೇಯುತ್ತಿದ್ದವು.

"ಯಾರಪ್ಪನ ಜವುಗು ಅಂದ್ಕೊಂಡಿದ್ದೀಯೋ?" ಎಂದು ಕೂಗುತ್ತ ಹಸುಗಳನ್ನು ಅಟ್ಟಿದಳು.

"ಅಯ್ಯೋ ಬಿಡಿ ಅತ್ತಿಗೆ, ನಾಲ್ಕು ಬಾಯಿ ಹುಲ್ಲು. ನಿಮ್ಮ ಹಕ್ಕಿ ಏನು ಹಾಲು ಕೊಡುತ್ತಾ?"

"ನೀನು ಕೊಡ್ತೀಯಾ? ಆದ್ರೂ ಇಷ್ಟು ವರ್ಷ ನಿನಗೆ ರೊಟ್ಟಿ ಹಾಕಿಲ್ವಾ ನಾನು?"

ಬುಲ್ಚಾ ನಕ್ಕುಬಿಟ್ಟ. ಆ ನಗುವನ್ನು ಜಿಫಾರೆಗೆ ತಡೆದುಕೊಳ್ಳಲಾಗಲಿಲ್ಲ. ನೇರ ಮನೆಗೆ ಹೋಗಿ, ಮದುವೆಯಲ್ಲಿ ತಾಯಿ ಕೊಟ್ಟ, ಹೆಣ್ಣಿನ ಮಾನ ಕಾಯುವ ಸಿಂಕೆ ಕೋಲು ಹಿಡಿದು ಬೀದಿಯಲ್ಲಿ ನಿಂತು ಕೂಗಿದಳು. ಆ ಕೂಗಿಗೆ ಹೆಂಗಸರೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು, ತಮ್ಮ ತಮ್ಮ ಕೋಲು ಹಿಡಿದು ಬಂದು ಅತ್ತಿಮರದಡಿ ಕೂತರು. ತಪ್ಪು ಮಾಡಿದವನು ಬಂದು ಬೇಡುವವರೆಗೆ ಒಲೆ ಹೊತ್ತುವುದಿಲ್ಲ, ಹಸು ಕರೆಯುವವರಿಲ್ಲ. ಮಧ್ಯಾಹ್ನವಾಗುತ್ತಲೇ ಗಂಡಸರ ಹೊಟ್ಟೆ ತಾಳಹಾಕತೊಡಗಿತು. "ಹೋಗಿ ಕಾಲಿಗೆ ಬೀಳೋ ಮಾರಾಯ" ಎಂದು ಎಲ್ಲರೂ ಬುಲ್ಚಾನನ್ನು ಉಗಿದರು.

ಅವನು ಬಂದ, ತೋಳ್ತುಂಬ ಹಸಿರು ಹುಲ್ಲು ಹಿಡಿದು. ಕ್ಷಮೆ ಕೇಳುವವನು ಹಸಿ ಹುಲ್ಲು ಕೊಡಬೇಕು. ಅದನ್ನು ಕೈಗೆ ತೆಗೆದುಕೊಂಡರೆ ಜಗಳ ಮುಗಿಯಿತು. ಆಮೇಲೆ ಒಂದು ಕೆಟ್ಟ ಮಾತೂ ಆಡುವಂತಿಲ್ಲ, ಹರಸಿ ಕಳಿಸಬೇಕು.

"ತಪ್ಪಾಯ್ತು ಅತ್ತಿಗೆ. ಇನ್ನು ಆ ಕಡೆ ಹಸು ಬಿಟ್ರೆ ಕೇಳಿ."

"ತಗೊಳ್ಳೇ ತಾಯಿ, ಗೆದ್ದೆಯಲ್ಲ" ಎಂದಳು ಪಕ್ಕದ ಅಯಾಂತು ಅಜ್ಜಿ. ಜಿಫಾರೆ ಎರಡೂ ಕೈಯಲ್ಲಿ ತೆಗೆದುಕೊಂಡಳು.

ಬೆರಳಿಗೆ ಅಂಟಂಟಾಗಿ ಏನೋ ತಗಲಿತು. ಹುಲ್ಲಿನ ನಡುವೆ ಎಸಳುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಅದರೊಳಗೆ ಒಡೆದ ಮೊಟ್ಟೆಯ ಚಿಪ್ಪು, ಮೆತ್ತಿದ ಲೋಳೆ.

"ಎಲ್ಲಿ ಕೊಯ್ದೆ?"

"ಜವುಗಿನ ನಡುವೆ ಅತ್ತಿಗೆ. ನಿಮ್ಮ ಕೈಗೆ ಕೊಡೋದಕ್ಕೆ ದಾರಿ ಬದಿಯ ಹುಲ್ಲು ತರೋಕಾಗುತ್ತಾ? ಎಲ್ಲಕ್ಕಿಂತ ದಟ್ಟಗಿದ್ದ ಬುಡ ಹುಡುಕಿ ಕೊಯ್ದೆ."

ನಿನ್ನ ಕೈ ಸೇದಿಹೋಗ, ಹಾಳಾದವನೇ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಹುಲ್ಲು ಕೈಯಲ್ಲಿತ್ತು. ಹೆಂಗಸರೆಲ್ಲ ಅವಳು ಹರಸುವ ಮಾತಿಗಾಗಿ ಕಾಯುತ್ತಿದ್ದರು.

"ಒಳ್ಳೆಯದಾಗಲಿ ನಿನಗೆ" ಎಂದಳು ಹಲ್ಲು ಕಚ್ಚಿ. ಬುಲ್ಚಾ ತಲೆ ಬಾಗಿಸಿದ.