ಕೊಳ ನೋಡಲು ಕೊಂಡ ಎಟಿವಿ

ನನ್ನ ಹೆಂಡತಿ ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿದ್ದಾಳೆ. ಕರೆಂಟ್ ಹೋಗಿ ತಲೆಕೆಟ್ಟು ಫೋನ್ ಮಾಡಿದವರನ್ನು ಸಮಾಧಾನ ಮಾಡುವುದು ಅವಳ ಕೆಲಸ. ಎರಡು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವಳು ಕಚೇರಿಯ ನಾಲ್ವರು ಗೆಳತಿಯರ ಜೊತೆ ಊರಾಚೆಯ ಗುಡ್ಡ ಹತ್ತುತ್ತಾಳೆ. ನಾನು ಬುಡದ ಕಲ್ಲುಬೆಂಚಿನ ಮೇಲೆ ಕೂತು ಐದು ಕೈಚೀಲ ಕಾಯುತ್ತೇನೆ. ನಾನು ದರ್ಜಿ. ಮೂವತ್ತು ವರ್ಷ ಮೆಷಿನ್ ತುಳಿದು ತುಳಿದು ಎರಡೂ ಮೊಣಕಾಲು ಮುಷ್ಕರ ಹೂಡಿವೆ. ಆ ಗುಡ್ಡವನ್ನು ನಾನು ಒಮ್ಮೆಯೂ ಹತ್ತಿದವನಲ್ಲ.

ಇಳಿದು ಬಂದ ಮೇಲೆ ಅವಳು ಹೇಳುವ ಸುದ್ದಿ ಕೇಳಬೇಕು. ತುದಿಯಲ್ಲೊಂದು ಕೊಳವಂತೆ, ಕೊಳದಲ್ಲೊಂದು ಮುದಿ ಆಮೆಯಂತೆ. ಒಂದು ವಾರ ಅದು ಕೊಕ್ಕರೆಯ ಜೊತೆ ಜಗಳವಾಡಿದರೆ, ಇನ್ನೊಂದು ವಾರ ಮುನಿಸಿಕೊಂಡು ಬಂಡೆಯ ಸಂದಿ ಸೇರಿರುತ್ತಿತ್ತು. ಗೆಳತಿಯರೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ವಾರವಿಡೀ ಕಾಜಾ ಹಾಕುವಾಗಲೂ ನನಗೆ ಆ ಆಮೆಯದೇ ಧ್ಯಾನ. ಅದನ್ನು ಕಣ್ಣಾರೆ ನೋಡದೆ ಸಾಯಬಾರದು ಎನಿಸಿಬಿಟ್ಟಿತ್ತು.

ಗುಡ್ಡದ ಹಿಂಬದಿಗೆ ಗಾಡಿಗಳಿಗೆಂದೇ ಒಂದು ಮಣ್ಣಿನ ದಾರಿ ಇದೆ. ಅದನ್ನು ಹತ್ತಲು ಎಟಿವಿ ಬೇಕು. ಅಂದರೆ ಕಾರಿನ ಹಾಗೆ ನಾಲ್ಕು ಚಕ್ರ, ಬೈಕಿನ ಹಾಗೆ ಹ್ಯಾಂಡಲ್ ಇರುವ, ದಪ್ಪ ಟೈರಿನ ಗಾಡಿ. ಕಾಲಿಗೆ ಕೆಲಸವೇ ಇಲ್ಲ, ಎಕ್ಸಲರೇಟರನ್ನು ಹೆಬ್ಬೆರಳಿನಲ್ಲಿ ಒತ್ತಿದರಾಯಿತು. ಕತ್ತರಿ ಹಿಡಿದ ನನ್ನ ಹೆಬ್ಬೆರಳಂತೂ ಕಬ್ಬಿಣ. ಹೊಸ ಗಾಡಿಯ ಬೆಲೆ ಕೇಳಿಯೇ ಬೆವತೆ. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್‌ಗೆಂದು ಎತ್ತಿಟ್ಟಿದ್ದ ಹಣದಲ್ಲಿ ಹಳೆಯದೊಂದನ್ನು ನೋಡೋಣ ಎಂದು ತೀರ್ಮಾನಿಸಿದೆ.

"ಈ ವಯಸ್ಸಲ್ಲಿ ಇದೆಲ್ಲಾ ಯಾಕ್ರೀ?" ಎಂದಳು ಹೆಂಡತಿ. "ಮಗುಚಿ ಬಿದ್ರೆ ಸೊಂಟ ಮುರಿಯತ್ತೆ. ಆ ಗಾಡಿ ಸದ್ದಿಗೆ ಆಮೆ ಹೊರಗೇ ಬರಲ್ಲ."

"ದೂರ ನಿಲ್ಲಿಸಿ ನಡ್ಕೊಂಡು ಹೋಗ್ತೀನಿ."

"ಈಗ ನೀರಿಗೆಲ್ಲಾ ಪಾಚಿ ಕಟ್ಟಿದೆ. ಮುಂದಿನ ವರ್ಷ ನೋಡೋಣ."

ಆಮೇಲೂ ಅವಳು ದಿನಕ್ಕೊಂದು ಹೊಸ ತಕರಾರು ತೆಗೆದಳು. ಜಿಪುಣಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ತಜ್ಞನಾಗಿ ಜೊತೆಗೆ ಬಂದವನು ನನ್ನ ಭಾಮೈದ. ಅವನು ಫ್ರಿಜ್ ರಿಪೇರಿಯವನು. ಎಟಿವಿಯ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸವೂ ಇರಲಿಲ್ಲ.

ಮೊದಲು ಹೋಗಿದ್ದು ಒಬ್ಬ ದಲ್ಲಾಳಿಯ ಶೆಡ್ಡಿಗೆ. ಕೆಂಪು ಬಣ್ಣದ ಗಾಡಿ ಮದುಮಗನ ಹಾಗೆ ಮಿರಮಿರ ಮಿಂಚುತ್ತಿತ್ತು. "ಒಬ್ಬ ತಾತ ಇಟ್ಕೊಂಡಿದ್ರು ಸಾರ್. ಓಡಿಸಿದ್ದಕ್ಕಿಂತ ಒರೆಸಿದ್ದೇ ಜಾಸ್ತಿ. ಈ ತಿಂಗಳು ಸ್ಟಾರ್ಟೇ ಮಾಡಿಲ್ಲ," ಎಂದ ದಲ್ಲಾಳಿ.

ಭಾಮೈದ ಕಾಯಿಲೆಯವರ ಹಣೆ ಮುಟ್ಟುವಂತೆ ಎಂಜಿನ್ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. "ಸ್ಟಾರ್ಟ್ ಮಾಡದ ಗಾಡಿಗೆ ಇಷ್ಟು ಜ್ವರ ಯಾಕಪ್ಪಾ? ತಣ್ಣಗಿದ್ದಾಗ ಸ್ಟಾರ್ಟ್ ಆಗಲ್ಲ, ಅದಕ್ಕೇ ನಾವು ಬರೋದ್ರೊಳಗೆ ಓಡಿಸಿ ಇಟ್ಟಿದೀಯ. ನಮ್ಮ ಲೈನಲ್ಲೂ ಇದೇ ಆಟ. ಹಳೇ ಫ್ರಿಜ್ಜಲ್ಲಿ ಐಸ್ ಇಟ್ಟು ಮಾರ್ತಾರೆ."

ಅಷ್ಟರಲ್ಲಿ ನನ್ನ ಕಣ್ಣು ಸೀಟಿನ ಮೇಲೆ ಬಿದ್ದಿತ್ತು. ಕಂಪನಿಯ ಹೊಲಿಗೆಯನ್ನು ಬಿಚ್ಚಿ ಯಾರೋ ದಬ್ಬಳದಲ್ಲಿ ಮತ್ತೆ ಹೊಲಿದಿದ್ದರು. ಹೊಲಿದವನಿಗೆ ನಾಚಿಕೆಯಾಗಬೇಕು, ಅಂಥ ಕೆಲಸ. ಸೀಟು ಎತ್ತಿಸಿ ನೋಡಿದರೆ ಅಡಿಯಲ್ಲಿ ತುಕ್ಕು. ಗಾಳಿ ಸೋಸುವ ಡಬ್ಬಿಯ ತುಂಬ ಒಣಗಿದ ಕೆಸರು.

"ತಾತ ಇದನ್ನ ಹೊಳೇಲಿ ಒರೆಸ್ತಿದ್ರಾ?" ಎಂದೆ. ದಲ್ಲಾಳಿಗೆ ತಕ್ಷಣ ಯಾವುದೋ ಫೋನ್ ಬಂತು. ನಾವು ಹೊರಟೆವು.

ಎರಡನೆಯದು ಸಸಿ ಮಾರುವ ಅಮ್ಮನೊಬ್ಬರದು. ನೋಡಲು ಅವಲಕ್ಷಣ. ಮುಂದಿನ ಮಡ್‌ಗಾರ್ಡ್ ಸೀಳಿತ್ತು, ಬಣ್ಣ ಯಾವುದೆಂದು ಹೇಳಲಾಗುತ್ತಿರಲಿಲ್ಲ. ಕುಂಡ ಸಾಗಿಸಿ ಸಾಗಿಸಿ ಹಿಂದಿನ ಕ್ಯಾರಿಯರ್ ಬಾಗಿತ್ತು. ಆ ಅಮ್ಮ ಗಾಡಿಯನ್ನು ಹೊಗಳುವ ಬದಲು ದೂರಲು ಶುರುಮಾಡಿದರು.

"ಹಾರ್ನ್ ಇಲ್ಲ. ರಿವರ್ಸ್ ಗೇರ್ ಮೊಂಡು, ಎರಡು ಸಲ ಹಾಕಬೇಕು. ಮುಂದಿನ ಎಡಗಡೆ ಚಕ್ರದ ಬೇರಿಂಗ್ ಆಡತ್ತೆ, ಬದಲಾಯಿಸ್ಕೊಳ್ಳಿ. ಆಯಿಲ್ ಮಾತ್ರ ಹೊತ್ತುಹೊತ್ತಿಗೆ ಹಾಕಿದೀನಿ."

ಎಂಜಿನ್ ತಣ್ಣಗಿತ್ತು. ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಭಾಮೈದ ಕಣ್ಣು ಮುಚ್ಚಿ ಕಿವಿಯಾನಿಸಿ ನಿಂತ. ಚಕ್ರ ಹಿಡಿದು ಅಲ್ಲಾಡಿಸಿದ. ಬೇರಿಂಗ್ ಆ ಅಮ್ಮ ಹೇಳಿದಷ್ಟೇ ಆಡಿತು, ಒಂದು ನೂಲೂ ಹೆಚ್ಚಿಲ್ಲ. ನಾನು ಕೊರಳಿನ ಟೇಪು ತೆಗೆದು ಸೀಟಿನ ಎತ್ತರ, ಹ್ಯಾಂಡಲಿನ ದೂರ, ಕಾಲಿಡುವ ಜಾಗ ಎಲ್ಲಾ ಅಳೆದೆ.

"ಅದಕ್ಕೂ ಅಂಗಿ ಹೊಲೀತೀರಾ?" ಎಂದರು ಆ ಅಮ್ಮ.

"ಇಲ್ಲಮ್ಮ, ಈ ಹಳೇ ಅಂಗಿ ನನಗೆ ಸರಿಹೋಗತ್ತಾ ಅಂತ ನೋಡ್ತಿದೀನಿ."

ಸರಿಹೋಯಿತು. ಕೈಯಲ್ಲಿದ್ದ ಹಣದಲ್ಲಿ ಬೇರಿಂಗಿಗೂ ಹೆಲ್ಮೆಟ್ಟಿಗೂ ಆಗುವಷ್ಟು ಉಳಿಯಿತು. ತಾನೇ ಆರಿಸಿದ್ದು ಎಂದು ಭಾಮೈದ ಇವತ್ತಿಗೂ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಭಾನುವಾರ ಬುಡದಲ್ಲಿ ಹೆಂಗಸರು ಕಾಲುದಾರಿ ಹಿಡಿದರು. ಹೆಂಡತಿ ಎರಡು ಸಲ ತಿರುಗಿ ನೋಡಿದಳು. ಮುಖ ಬಿಳುಚಿಕೊಂಡಿತ್ತು. ನನ್ನ ಸೊಂಟದ ಚಿಂತೆ ಇರಬೇಕು ಎಂದುಕೊಂಡು ಹೆಬ್ಬೆರಳು ಒತ್ತಿದೆ. ಗಾಡಿ ಗೊಣಗುತ್ತಾ, ಕೆಮ್ಮುತ್ತಾ, ಆದರೆ ಎಲ್ಲೂ ನಿಲ್ಲದೆ ಹತ್ತಿತು. ಇಪ್ಪತ್ತೇ ನಿಮಿಷದಲ್ಲಿ ನಾನು ತುದಿಯಲ್ಲಿದ್ದೆ.

ತುದಿಯಲ್ಲಿ ಒಂದು ಬೋಳು ಬಂಡೆ ಇತ್ತು. ಬಂಡೆಯ ಮೇಲೆ ಮೊಬೈಲ್ ಟವರ್, ಅದರ ಸುತ್ತ ತಂತಿಬೇಲಿ, ಬೇಲಿಯ ಮೇಲೊಂದು ಕಾಗೆ. ಕುಂಟುತ್ತಾ ಟವರನ್ನು ಮೂರು ಸುತ್ತು ಹಾಕಿದೆ. ಆಮೆಯ ಮಾತಿರಲಿ, ಅಂಗೈಯಗಲ ನೀರೂ ಇರಲಿಲ್ಲ.

ನೆತ್ತಿಗೇರಿತು ಸಿಟ್ಟು. ಎರಡು ವರ್ಷ! ಅದೂ ಐದು ಜನ ಸೇರಿಕೊಂಡು! ಅವರು ನಡೆದು ಬರಲು ಇನ್ನೂ ಒಂದು ಗಂಟೆ ಬೇಕಿತ್ತು. ಅಷ್ಟು ಹೊತ್ತೂ ಹೇಗೆ ಬೈಯಬೇಕೆಂದು ಮಾತು ಮಸೆಯುತ್ತಾ ಕೂತೆ. ಆದರೆ ಮಸೆಯುತ್ತಾ ಹೋದಂತೆ ಲೆಕ್ಕ ಬೇರೆಯೇ ಆಗತೊಡಗಿತು. ಈ ಬೋಳು ಬಂಡೆಯನ್ನು ನೋಡಿ ನೋಡಿ ಇಳಿದು ಬಂದು, ಕೈಚೀಲ ಕಾಯುತ್ತಾ ಕೂತ ಗಂಡನಿಗೆ ವಾರವಾರವೂ ಬರಿಗೈ ತೋರಿಸದ ಹೆಂಗಸು ಅವಳು. ಎರಡು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಸಿರಲಿಲ್ಲ. ನನಗೆ ಅವಳ ಮೇಲೆ ಇಷ್ಟೊಂದು ಪ್ರೀತಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಗೆಳತಿಯರನ್ನೆಲ್ಲ ಹಿಂದೆ ಬಿಟ್ಟು ಅವಳೊಬ್ಬಳೇ ಏದುಸಿರು ಬಿಡುತ್ತಾ ಬಂದಳು. ನನ್ನ ಮುಖ ನೋಡದೆ ಬಂಡೆಯನ್ನೇ ನೋಡುತ್ತಾ ನಿಂತಳು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಕತ್ತರಿಯನ್ನೇ ಹಾಕದ ಬಟ್ಟೆಗೆ ಗುಂಡಿ ಹಾಕೋದಷ್ಟೇ ಬಾಕಿ ಎಂದು ಗಿರಾಕಿಗೆ ಹೇಳುವಾಗ ನಾನು ಹಾಕಿಕೊಳ್ಳುವ ಮುಖವೂ ಅದೇ.

"ಕೋಪ ಬಂತಾ?" ಎಂದಳು ಮೆಲ್ಲಗೆ.

ನಾನು ಸರಿದು ಬಂಡೆಯ ಮೇಲೆ ಜಾಗ ಕೊಟ್ಟೆ. "ಕೊಳ ನೋಡ್ದೆ," ಎಂದೆ. "ನೀನು ಹೇಳಿದ್ದಕ್ಕಿಂತ ಸ್ವಲ್ಪ ಚಿಕ್ಕದು, ಅಷ್ಟೇ."

ಅವಳು ಕಣ್ಣೊರೆಸಿಕೊಂಡು ನನ್ನ ಪಕ್ಕ ಕೂತಳು.

"ಬೇಸಿಗೆ ಅಲ್ವೇನ್ರೀ," ಎಂದಳು, "ನೀರು ಇಳಿದಿದೆ."