ವಸಂತಿಯವರ ನಕಲು ಪರೀಕ್ಷೆ

ಯಾವ ನಕಲನ್ನೂ ಒಮ್ಮೆ ಕೆಡಿಸಿ ನೋಡದೆ ವಸಂತಿಯವರು ನಂಬಿದವರಲ್ಲ. ಮಯೂರ್ ವಿಹಾರದ ಅವರ ಅಡುಗೆಮನೆಯಲ್ಲಿ ಸಾರಿಗೂ ಈ ನಿಯಮದಿಂದ ವಿನಾಯಿತಿಯಿರಲಿಲ್ಲ: ಒಂದು ಸೌಟು ಬಟ್ಟಲಿಗೆ ಬಗ್ಗಿಸಿ, ಅದಕ್ಕಷ್ಟೇ ಉಪ್ಪು ಹಾಕಿ, ರುಚಿ ನೋಡಿ, ಆಮೇಲೆ ಪಾತ್ರೆಯ ಕಡೆ ತಿರುಗುವರು. “ಉಪ್ಪಿಗೂ ರಿಹರ್ಸಲ್ಲೇನೇ?” ಎಂದು ಪತಿ ಇಂದುಶೇಖರರು ಕೆಣಕಿದರೆ, “ಬಟ್ಟಲು ಕೆಟ್ರೆ ಚೆಲ್ಲಬಹುದು ರೀ, ಪಾತ್ರೆ ಕೆಟ್ರೆ ನಿಮಗೇ ಬಡಿಸಬೇಕು” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ನಕ್ಷೆಗಳ ಮೇಲೆ ತೆಳುಗಾಗದ ಹಾಸಿ ನಕಲು ತೆಗೆದ ಕೈ ಅದು. ಹೊಸದರಲ್ಲಿ ಒಮ್ಮೆ ಶಾಯಿ ಕೆಳಕ್ಕಿಳಿದು, ಮೂಲನಕ್ಷೆಯಲ್ಲಿ ಇಲ್ಲದ ಕಾಲುವೆಯೊಂದು ಹರಿದುಬಿಟ್ಟಿತ್ತು. ಅಂದಿನಿಂದ ನಕಲಿನ ಮೇಲೆ ಗೆರೆ ಎಳೆದಾಗ ಪ್ರತಿ ಸಲವೂ ಕಾಗದವೆತ್ತಿ ಮೂಲವನ್ನು ನೋಡುವರು. ಸ್ವಯಂನಿವೃತ್ತಿ ಪಡೆದು ೨೦೦೯ರ ಚಳಿಗಾಲದಲ್ಲಿ ಗುರ್‌ಗಾಂವ್‌ನ ಪುಟ್ಟ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ತಪ್ಪು ಹುಡುಕುವ ಕೆಲಸಕ್ಕೆ ಸೇರಿದಾಗ, ಗಂಡನ ಹಳೆಯ ಬೂದು ಕೋಟು ತೊಟ್ಟು, ಗೋಡೆ ಗಟ್ಟಿಯೇ ಎಂದು ಸವರಿ ನೋಡುತ್ತ ನಡೆದುಬಂದ ಅವರನ್ನು ಕಂಡು ಹುಡುಗರು ನಕ್ಕರು. ತಪ್ಪು ಹುಡುಕುವುದಕ್ಕೆ ಸಂಬಳವೂ ಉಂಟೆಂದು ತಿಳಿದಿದ್ದರೆ ಇವಳು ಇಷ್ಟು ವರ್ಷ ಮನೆಯಲ್ಲಿ ಪುಕ್ಕಟೆ ದುಡಿಯುತ್ತಿರಲಿಲ್ಲವೆಂಬುದು ಇಂದುಶೇಖರರ ಟಿಪ್ಪಣಿ.

ಆ ಹುಡುಗರಲ್ಲೊಬ್ಬ, ಹುಬ್ಬಳ್ಳಿಯ ಜೀವನ್ ಬರೆದ ಪ್ರೋಗ್ರಾಂ ಟೋಲ್ ಗೇಟಿನಲ್ಲಿ ತೆಗೆದ ಕಾರಿನ ಚಿತ್ರದಿಂದ ನಂಬರು ಓದಬೇಕು. ಕಾವಲುಗಾರನಿಗೆ ಕಾಣಲೆಂದು ಚಿತ್ರದ ನಕಲಿನ ಮೇಲೆ ನಂಬರ್ ಪ್ಲೇಟಿನ ಸುತ್ತ ಕೆಂಪು ಚೌಕ ಎಳೆದು, ಅಂಕಿಗಳನ್ನು ಮಾತ್ರ ಮೂಲಚಿತ್ರದಿಂದ ಓದುವ ಏರ್ಪಾಡು. ಆದರೆ ಮೂರು ದಿನದಿಂದ 4071 ಎಂಬ ಕಾರು 140711 ಆಗುತ್ತಿತ್ತು. ಪ್ರತಿ ಗಾಡಿಗೂ ಹಿಂದೊಂದು ಒಂದು, ಮುಂದೊಂದು ಒಂದು. ಅಂಕಿ ಓದುವ ಭಾಗವನ್ನೇ ಜೀವನ್ ಮೂರು ಬಾರಿ ಹೊಸದಾಗಿ ಬರೆದಿದ್ದ. ಅಂದು ಹನ್ನೊಂದಕ್ಕೆ ಗಿರಾಕಿ ನೋಡಲು ಬರುವವರು. ಅವರು ಒಪ್ಪದಿದ್ದರೆ ಅವನ ಕೆಲಸ ಖಾಯಂ ಆಗುವಂತಿರಲಿಲ್ಲ. ಗಂಟೆ ಹತ್ತಾಗಿತ್ತು.

“ಚೌಕ ಎಳೆದದ್ದು ಯಾವುದರ ಮೇಲಪ್ಪ?” ಎಂದರು ವಸಂತಿ.

“ಕಾಪಿ ಮ್ಯಾಲೆ ರೀ ಮೇಡಂ. ಒರಿಜಿನಲ್‌ಗೆ ಕೈಯೂ ಹಚ್ಚಿಲ್ಲ.”

“ಅಚ್ಛಾ. ಹಾಗಾದ್ರೆ ಕಾಪೀನ ಪೂರ್ತಿ ಕಪ್ಪು ಮಾಡು.”

“ಈಗೇನ್ ರೀ? ಟೈಮಿಲ್ರೀ!”

“ಕಾಪಿ ತಾನೇ? ಕೆಟ್ರೆ ಕೆಡಲಿ.”

ಮಾಡಿದ. “ಈಗ ಒರಿಜಿನಲ್ ತೆಗಿ” ಎಂದರು. ತೆಗೆದರೆ, ಅದೂ ಅಮಾವಾಸ್ಯೆ!

ಜೀವನ್ ಹಣೆ ಬಡಿದುಕೊಂಡ. ನಕಲು ಮಾಡಲೆಂದು ಪ್ರೋಗ್ರಾಂನಲ್ಲಿ ಅವನು ಹಾಕಿದ್ದ ಸಮ ಚಿಹ್ನೆ (=) ಹೊಸ ಚಿತ್ರವನ್ನು ಮಾಡಿರಲೇ ಇಲ್ಲ. ಇದ್ದ ಒಂದೇ ಚಿತ್ರಕ್ಕೆ ಇನ್ನೊಂದು ಹೆಸರಿಟ್ಟಿತ್ತು, ಅಷ್ಟೆ. ಕೆಂಪು ಚೌಕದ ಎರಡು ನಿಲುಗೆರೆಗಳು ಮೂಲದ ಮೇಲೂ ಬಿದ್ದು ‘ಒಂದು’ಗಳಾಗಿ ನಿಂತಿದ್ದವು. ಅದರ ಬದಲು, ಚಿತ್ರದ ಚುಕ್ಕಿ ಚುಕ್ಕಿಯನ್ನೂ ಬೇರೆ ಜಾಗಕ್ಕೆ ಎತ್ತಿ ಬರೆಯುವ ಆಜ್ಞೆ ಹಾಕಿದ. ಒಂದೇ ಒಂದು ಪದ. ವಸಂತಿ ಮತ್ತೆ ನಕಲಿಗೆ ಮಸಿ ಬಳಿಸಿದರು. ಮೂಲ ತೊಳೆದ ಮುತ್ತಿನಂತಿತ್ತು.

ಹನ್ನೊಂದಕ್ಕೆ ಬಂದ ಗಿರಾಕಿ ತಮ್ಮದೇ ಕಾರಿನ ಚಿತ್ರ ತೆಗೆಸಿದರು. ನಂಬರು ಸರಿಯಾಗಿ ಬಂತು. ಬೀದಿಯಲ್ಲಿ ನಿಂತಿದ್ದ ಮೂವತ್ತು ಗಾಡಿಗಳದ್ದೂ ಬಂತು. ಜೀವನ್ ಎಲ್ಲರೆದುರೇ ಬೂದು ಕೋಟಿನ ಕಾಲಿಗೆರಗಿದ. “ಏಳಪ್ಪ, ಏಳು. ಚಲೋ, ಚಹಾ ತರಿಸು” ಎಂದರು ವಸಂತಿ, ರಾಣಿಯಂತೆ.

ಇಂಥವರನ್ನು ಲೋಕ ಸಂಶಯಪಿಶಾಚಿಗಳೆಂದು ಕರೆಯುತ್ತದೆ. ಬುದ್ಧಿವಂತರು ಅನುಮಾನವಿರುವೆಡೆಯಲ್ಲಿ ದಣಿಯುವಷ್ಟು ಅಗೆಯುತ್ತಾರೆ. ಇವರು ಮಾತ್ರ, ಎಲ್ಲರೂ ಖಚಿತವೆಂದು ಬಿಟ್ಟುಬಂದ ಜಾಗವನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡುತ್ತಾರೆ. ಜಗತ್ತು ಕುಸಿಯುವುದೂ ಅಲ್ಲೇ, ಉಳಿಯುವುದೂ ಅಲ್ಲೇ.