ಹೊಂದಿಕೆ

ಪರದೆ ತಾನಾಗಿಯೇ ಸರಿಯುತ್ತದೆ, ಮಂಚದ ಪಕ್ಕದ ಗುಂಡಿ ಒತ್ತಿದರೆ ಸಾಕು, ಗಾಜಿನಾಚೆ ತುಂಗಭದ್ರೆ, ಇನ್ನೊಮ್ಮೆ ಒತ್ತಿದರೆ ಹೊಳೆಯೇ ಇಲ್ಲ — ದಾವಣಗೆರೆಯಿಂದ ಹರಿಹರಕ್ಕೆ ಸೂಟ್‌ಕೇಸು ಕಟ್ಟಿಕೊಂಡು ಬಂದವರು ನಾವೇ ಇರಬೇಕು, ಬಸ್ಸಿನಲ್ಲಿ ಬಂದು ಹೊಳೆಗೆ ಬಾಗಿನ ಬಿಟ್ಟು ಅಡುಗೆ ಹೊತ್ತಿಗೆ ವಿದ್ಯಾನಗರದ ಮನೆ ಸೇರಬಹುದಾದ ದೂರ, ಆದರೆ ಇವರಿಗೆ ದಿನ ಬಿಟ್ಟು ದಿನ ಡಯಾಲಿಸಿಸ್, ಇನ್ನೂ ದೂರ ಹೋಗುವಂತಿಲ್ಲ, ಆಪರೇಷನ್‌ಗೆ ಮುಂಚೆ ಒಳ್ಳೇ ಹೋಟ್ಲಾಗೆ ಆರಾಮಾಗಿದ್ದು ಬರ್ರಿ ಅಂದರು ಅತ್ತೆ ಗುರುಶಾಂತಮ್ಮ, ನನ್ನ ಬೆನ್ನು ಸವರಿದರು, ನೇತ್ರಾ, ಮೊದ್ಲು ನೀ ಉಣ್ಣು, ಆಮೇಲೆ ಉಳಿದವ್ರು — ಆ ಮನೆಯಲ್ಲಿ ಎಲ್ಲರ ತಟ್ಟೆ ಎತ್ತಿದ ಮೇಲೇ ಉಂಡು ಗೊತ್ತು ನನಗೆ, ನಾನು ಹೂಂ ಅಂದ ದಿನದಿಂದ ಹಾಲಿನ ಕೆನೆ ಕೂಡ ನನಗೇ. ಹೂಂ ಅಂದದ್ದು ನಾನೇ, ಯಾರೂ ಬಲವಂತ ಮಾಡಲಿಲ್ಲ, ಅತ್ತೆಗೆ ಸಕ್ಕರೆ ಕಾಯಿಲೆ, ಮೈದುನ ಕಿರಣನ ಕಿಡ್ನಿ ಹೊಂದಲಿಲ್ಲ ಅಂದರು, ನನ್ನದು ಹೊಂದಿತು, ಅತ್ತೆ ನಗುತ್ತಾ ಅಂದರು, ನಮ್ ನೇತ್ರಾ ಬಂದ ದಿನದಿಂದ್ಲೂ ಹೊಂದ್ಕೊಂಡು ಹೋದೋಳು. ಅವತ್ತು ನನಗೆ ಹೆಮ್ಮೆಯೇ ಆಗಿತ್ತು, ಇವರು ಬದುಕಲಿ, ನನ್ನದೊಂದು ತುಂಡು ಇವರೊಳಗೆ ಇರಲಿ ಎಂದುಕೊಂಡಿದ್ದೆ, ಎಂಥ ಹುಚ್ಚಿ.

ಈಗ ಇವರು ಮಲಗಿದ್ದಾರೆ, ಬಾಯಿ ತುಸು ತೆರೆದಿದೆ, ಹೊಟ್ಟೆ ತುಂಬಿದ ನಿದ್ದೆ, ಮಧ್ಯಾಹ್ನ ಕೆಳಗೆ ಹೊಳೆ ಬದಿಯ ಮೇಜಿನಲ್ಲಿ ಮನೆಯವರೆಲ್ಲ ಬಂದು ಕೂತಿದ್ದರು, ಕಿರಣ, ಅವನ ಹೆಂಡತಿ ಕೃತಿಕಾ, ಅತ್ತೆ, ನಾನು ಕೈ ತೊಳೆಯಲು ಹೋದಾಗ ಕೃತಿಕಾ ಹಿಂದೆಯೇ ಬಂದಳು, ನನ್ನ ಒದ್ದೆ ಕೈ ಹಿಡಿದಳು, ಅಕ್ಕಾ, ನೀವು ದೇವ್ರು, ನಮ್ಮನೆಯವ್ರ ರಿಪೋರ್ಟೂ ಮ್ಯಾಚ್ ಆಗೈತೆ ಅಂದಾಗ ನಾನು ಊಟಾನೇ ಬಿಟ್ಟಿದ್ದೆ, ನೀ ಬ್ಯಾಡ ಕಿರಣಾ, ನಾನೇ ಕೊಡ್ತೀನಿ ಅಂದ್ರಂತಲ್ಲ, ಅತ್ತೆ ಹೇಳಿದ್ರು — ನಾನು ಅವಳ ಬಾಯನ್ನೇ ನೋಡಿದೆ, ಪಾಪ, ಅವಳಿಗೂ ಸುಳ್ಳೇ ಹೇಳಿದ್ದಾರೆ, ಅವಳ ಕಣ್ಣೀರು ಮಾತ್ರ ನಿಜ. ಕೋಣೆಗೆ ಬಂದ ಮೇಲೆ ಕೇಳಿದೆ, ಕಿರಣಂದೂ ಹೊಂದಿತ್ತಂತಲ್ರಿ. ಇವರು ಟಿವಿ ರಿಮೋಟು ಹುಡುಕಿದರು, ದಿಂಬಿನ ಕೆಳಗೆ, ಪುಟ್ಟ ಮಗುವಿನ ಹಾಗೆ, ಆಮೇಲೆ ಮೆಲ್ಲಗೆ, ಸಿಟ್ಟಿಲ್ಲದೆ, ಅವ ಅಂಗಡಿ ನೋಡ್ಬೇಕಲ್ಲ ನೇತ್ರಾ, ಅವಂಗೆ ಸಣ್ಣ ಮಕ್ಳದಾವೆ, ನಿಂಗೇನೈತೆ ಮನ್ಯಾಗೆ. ಬೈದಿದ್ದರೆ ಸಹಿಸುತ್ತಿದ್ದೆ. ನಿಂಗೇನೈತೆ, ಲೆಕ್ಕ ಒಪ್ಪಿಸುವವರ ಹಾಗೆ, ನಮಗೆ ಮಕ್ಕಳಾಗಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅದೂ ಬಂದು ಈ ಮೆತ್ತನೆಯ ಕುರ್ಚಿಯಲ್ಲಿ ಕೂತುಕೊಂಡಿತು. ಕೇಳಿದ್ದರೆ ಕೊಡುತ್ತಿದ್ದೆನಲ್ಲ, ಕಿರಣನದು ಹೊಂದುತ್ತೆ, ಆದರೂ ನೀನೇ ಕೊಡು ಅಂದಿದ್ದರೂ ಕೊಡುತ್ತಿದ್ದೆ, ಕೇಳುವಷ್ಟು ಕೂಡ ನಾನು ಇರಲಿಲ್ಲ ಇವರಿಗೆ.

ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತೇನೆ, ಫೋನಿನಲ್ಲಿ ಆಸ್ಪತ್ರೆಯ ಸನೋಬರ್, ಕಿಡ್ನಿ ಕೊಡುವವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸುವವಳು, ಮನಸ್ಸು ಬದಲಾದ್ರೆ ನನಗೊಬ್ಬಳಿಗೆ ಹೇಳ್ರಿ ಮೇಡಂ, ಮನೆಯವರಿಗೆ ಬೇರೆ ಕಾರಣ ಹೇಳ್ತೀವಿ ಅಂದಿದ್ದಳು, ಆಗ ನಾನು ನಕ್ಕಿದ್ದೆ. ನಾನು ಕೊಡಲ್ಲ ಸನೋಬರ್. ಅತ್ತಲಿಂದ ಅವಳು, ಆಯ್ತು ಮೇಡಂ, ನಿಮ್ ಬಿಪಿ ಸರಿಯಿಲ್ಲ ಅಂತೀವಿ, ನಿಮ್ ಹೆಸರು ಬರಲ್ಲ. ನನ್ನ ದನಿ ಎಷ್ಟು ತಣ್ಣಗಿದೆ, ಬ್ಯಾಡ, ನನ್ನ ಹೆಸರೇ ಹೇಳ್ರಿ, ನೇತ್ರಾವತಿ ಕೊಡಲ್ಲ ಅಂದ್ಳು ಅಂತ ಹೇಳ್ರಿ, ಕಿರಣಂದು ಹೊಂದುತ್ತೆ ಅಂತಾನೂ.

ಬಾಗಿಲು ತೆಗೆದರೆ ಇವರಿಗೆ ಎಚ್ಚರ, ಯಾರ ಫೋನು, ಯಾರದೂ ಅಲ್ಲ ಅನ್ನಲಿಲ್ಲ, ಆಸ್ಪತ್ರೇದು ಅಂದೆ, ಇವರು ಇನ್ನೇನೂ ಕೇಳಲಿಲ್ಲ, ನನ್ನ ಹೂಂ ಮೇಲೆ ಅಷ್ಟು ನಂಬಿಕೆ, ಬಾ, ತುಸು ಹೊತ್ತು ಮಲಕ್ಕೋ ಎಂದು ಪಕ್ಕದ ಹಾಸಿಗೆ ತಟ್ಟಿ ಎಡಗೈ ಚಾಚಿದ್ದಾರೆ, ಡಯಾಲಿಸಿಸ್‌ನ ಸೂಜಿಗೆಂದು ಹೊಲಿದು ಉಬ್ಬಿಸಿದ ನರ, ಮೊಣಕೈವರೆಗೆ ಹಗ್ಗದ ಹಾಗೆ, ಚರ್ಮದಡಿ ಗುಂಯ್ ಎಂದು ನಡುಗುತ್ತಿದೆ, ನಾನು ನಿಂತೇ ಇದ್ದೇನೆ, ಕೈ ಚಾಚಿಯೇ ಇದೆ, ನರ ನಡುಗುತ್ತಲೇ ಇದೆ —